ಶುಕ್ರವಾರ ಹೊಸ್ತಿಲು ದಾಟಿದ ಕೆಟ್ಟ ಮೊಬೈಲು

ಮುನವಳ್ಳಿಯ ಮೇಲೋಣಿಯಲ್ಲಿ ಕೆಂಚವ್ವನನ್ನು ಕಂಡರೆ ನಾಯಿಗಳೂ ಬೊಗಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಓಣಿ, ತಲೆಯ ಮೇಲೆ ಅದೇ ಬುಟ್ಟಿ. ಹಳೆಯ ಸೀರೆ, ಧೋತರ ತೆಗೆದುಕೊಂಡು ಸ್ಟೀಲಿನ ಪಾತ್ರೆ-ಭಾಂಡೆ ಕೊಡುವುದು ಅವಳ ಕಸುಬು. ಗಂಡ ಸತ್ತ ಮೇಲೆ ಅವಳ ಒಲೆ ಉರಿದದ್ದು ಈ ಓಣಿಯ ಬಾಗಿಲುಗಳಿಂದಲೇ. ಮಂಗಳವಾರ, ಶುಕ್ರವಾರ ಮಾತ್ರ ಅತ್ತ ಹಾಯುತ್ತಿರಲಿಲ್ಲ. ಆ ಎರಡು ದಿನ ಮನೆಯ ವಸ್ತು ಹೊಸ್ತಿಲು ದಾಟಿದರೆ ಅದರ ಹಿಂದೆಯೇ ಲಕ್ಷ್ಮಿಯೂ ಹೋಗುತ್ತಾಳೆಂದು ಓಣಿಯವರು ಒಂದು ಚಿಂದಿಯನ್ನೂ ಕೊಡುತ್ತಿರಲಿಲ್ಲ.

೨೦೦೮ರಲ್ಲಿ ಅವಳು ಬಟ್ಟೆಯ ಜೊತೆಗೆ ಕೆಟ್ಟ ಮೊಬೈಲುಗಳನ್ನೂ ಕೂಡಿಸತೊಡಗಿದಳು. ಹೈಸ್ಕೂಲಿನಲ್ಲಿ ಕಲಿಸುವ ಶ್ರದ್ಧಾ ಅಕ್ಕೋರು ಅವಳಿಗೊಂದು ಚಿತ್ರ ತೋರಿಸಿದ್ದರು. ಆಫ್ರಿಕಾದ ಕಾಂಗೋ ದೇಶದ ಕಾಡು; ಮರಿಯನ್ನು ಎದೆಗವಚಿಕೊಂಡ ಗೊರಿಲ್ಲಾ. ಮೊಬೈಲಿಗೆ ಬೇಕಾದ ಕರಿ ಅದಿರು ಆ ನೆಲದಲ್ಲಿದೆ, ಅದನ್ನು ಅಗೆಯಲು ಕಾಡು ಕಡಿಯುತ್ತಾರೆ, ಅಗೆಯುವವರ ಊಟಕ್ಕೆಂದು ಗೊರಿಲ್ಲಾಗಳನ್ನೂ ಕೊಲ್ಲುತ್ತಾರೆ, ಈಗ ಉಳಿದಿರುವುದೇ ಸ್ವಲ್ಪ ಎಂದರು. ಕೆಟ್ಟ ಮೊಬೈಲನ್ನು ರಿಪೇರಿ ಮಾಡಿ, ಆಗದ್ದನ್ನು ಬಿಚ್ಚಿ ಲೋಹ ತೆಗೆದು ಮತ್ತೆ ಬಳಸಿದರೆ ಅಷ್ಟರಮಟ್ಟಿಗೆ ಅಗೆತ ತಪ್ಪುತ್ತದೆ ಎಂದೂ ಹೇಳಿದರು. ಕೆಂಚವ್ವ ಆ ತಾಯಿಯ ಬೆರಳುಗಳನ್ನೇ ನೋಡುತ್ತ ನಿಂತಳು. ಉಗುರುಗಳೂ ತನ್ನವೇ ಎಂಬಂತಿದ್ದವು.

"ಇದೂ ಶಿವ ಕೊಟ್ಟ ಜೀವಾನ ಅಲ್ರಿ," ಎಂದಳು.

ಅಕ್ಕೋರು ಕೂಡಿಸಿದ ಮೊಬೈಲುಗಳ ಪೆಟ್ಟಿಗೆ, ಅವನ್ನು ಬಿಚ್ಚಿ ಲೋಹ ತೆಗೆಯುವ ಬೆಂಗಳೂರಿನ ಕಾರ್ಖಾನೆಗೆ ಶನಿವಾರ ಹೊರಡುವುದಿತ್ತು. ಹಿಂದಿನ ದಿನ, ಶುಕ್ರವಾರ, ಕೆಂಚವ್ವ ತಪ್ಪು ಮಾಡಿದಳು. ಕೆಟ್ಟ ಮೊಬೈಲೆಂದರೆ ಕಸ, ಕಸಕ್ಕೆ ಯಾವ ವಾರ ಎಂದುಕೊಂಡು, ಅಲ್ಲಿಯವರೆಗೆ ಕೂಡಿಸಿದ ಮೊಬೈಲುಗಳ ಚೀಲ ಹಿಡಿದು ಓಣಿಗೆ ಹೋದಳು. ಸಿದ್ದಲಿಂಗವ್ವನ ಸೊಸೆ ಶೈಲಜಾ ಒಂದು ಮೊಬೈಲು ಕೊಟ್ಟು, ಬದಲಿಗೆ ಸ್ಟೀಲಿನ ಡಬ್ಬಿ ಆರಿಸಿಕೊಳ್ಳುವ ಹೊತ್ತಿಗೆ ಅತ್ತೆ ಗುಡಿಯಿಂದ ಬಂದಳು.

"ಶುಕ್ರವಾರ ನನ್ನ ಮನಿ ಲಕ್ಷ್ಮೀನ್ನ ಚೀಲಕ್ಕ ತುಂಬಾಕ ಬಂದಿಯೇನ, ಕಳ್ಳಿ?"

"ಕೆಟ್ಟ ಸಾಮಾನ್ರಿ ಯವ್ವಾ, ಕಸಾ. ಶುಕ್ರವಾರ ನೀವು ಕಸಾ ಹೊಡ್ಯಂಗಿಲ್ಲೇನ್ರಿ?"

"ಕಸಾ ಇದ್ರ ನೀ ಯಾಕ ಡಬ್ಬಿ ಕೊಟ್ಟು ಒಯ್ತಿ? ಅದರಾಗ ಬಂಗಾರ ಇರತೈತಂತ. ನನಗ ತಿಳ್ಯಂಗಿಲ್ಲಂತ ತಿಳಕೊಂಡಿಯೇನ?"

ಕಟ್ಟೆಗಳಿಂದ ಹೆಂಗಸರು ಇಳಿದು ಬಂದರು. ಕೆಂಚವ್ವ ಗೊರಿಲ್ಲಾದ ಸಂಗತಿ ಹೇಳಿದಳು. ಪಕ್ಕದ ಮನೆಯ ಸುಂದರವ್ವ ಸೆರಗು ಸಿಗಿಸಿಕೊಂಡು ಮುಂದೆ ಬಂದಳು.

"ಕೇಳ್ರೆವಾ! ಇಲ್ಲೆ ನಳಕ್ಕ ನೀರ ಬಂದು ಎಂಟ ದಿನ ಆತು. ಇಕಿ ಆಫ್ರಿಕಾದ ಮಂಗ್ಯಾಗ ಅಳಾಕ ಹತ್ಯಾಳ. ನಿನ್ನ ಬೀಗರೇನ ಅವು?"

ಓಣಿ ನಕ್ಕಿತು. ಸಿದ್ದಲಿಂಗವ್ವ ನಗಲಿಲ್ಲ.

"ಆ ಚೀಲ ತಿಪ್ಪಿಗೆ ಸುರು. ಇಲ್ಲಂದ್ರ ಇನ್ನ ಈ ಓಣ್ಯಾಗ ನಿನಗ ಒಂದ ಚಿಂದಿ ಸಿಗಂಗಿಲ್ಲ."

ಇಪ್ಪತ್ತೆರಡು ವರ್ಷದ ಅನ್ನ ಅದು. ಕೆಂಚವ್ವನ ಕೈ ಚೀಲದೊಳಗೆ ಹೋಯಿತು. ಆ ಮನೆಯ ಮೊಬೈಲನ್ನು ಹುಡುಕಿ ತೆಗೆದು, ಎರಡೂ ಕೈಯಿಂದ ಹೊಸ್ತಿಲ ಮೇಲಿಟ್ಟಳು.

"ಶುಕ್ರವಾರ ಬಂದದ್ದು ನನ್ನ ತಪ್ಪು. ನಿಮ್ಮದು ನಿಮಗ. ಉಳದಾವು ನಿಮ್ಮವಲ್ಲ. ಸುರವಂಗಿಲ್ಲ."

ಅವಳು ಹೊರಳಿ ನಡೆದಳು. ಸಿದ್ದಲಿಂಗವ್ವ ಎಸೆದ ಡಬ್ಬಿ ಅವಳ ಬೆನ್ನ ಹಿಂದೆ ಬೀದಿಗೆ ಬಿದ್ದು ಉರುಳಿತು. ಶೈಲಜಾ ಒಳಗೆ ಸರಿದಳು.

ಮರುದಿನ ಅಕ್ಕೋರು ಎಣಿಸಿ ಹಿಗ್ಗಿದರು. "ಹದಿನೆಂಟು ಬಂದಾವ ಕೆಂಚವ್ವ! ಬರೋ ಸಲ ಇನ್ನೂ ಸಿಗತಾವಲ್ಲ?"

"ಮೇಲೋಣ್ಯಾಗ ಇಲ್ರಿ," ಎಂದಷ್ಟೇ ಹೇಳಿದಳು.

ಸೋಮವಾರ ಮೇಲೋಣಿಗೆ ಹೋಗಿ ನೋಡಿದಳು. ಒಂದೊಂದೇ ಬಾಗಿಲು ಮುಚ್ಚಿತು. ಸುಂದರವ್ವ ಮಾತ್ರ ಕಿಟಕಿಯಿಂದ, "ನಿನ್ನ ಬೀಗರು ಆರಾಮ ಅದಾರೇನ?" ಎಂದು ಕೂಗಿದಳು.

ಮಂಗಳವಾರ ದಾಟಿಸಿ, ಬುಧವಾರ ಕೆಂಚವ್ವ ಬುಟ್ಟಿ ಹೊತ್ತು ಪಕ್ಕದೂರು ಯರಗಟ್ಟಿಯ ಬಸ್ಸು ಹತ್ತಿದಳು. ಅಲ್ಲಿ ಮೊದಲ ಮನೆಯವಳು ಅರ್ಧ ಬಾಗಿಲು ತೆರೆದು ದಿಟ್ಟಿಸಿದಳು.

"ಯಾವೂರಾಕಿ ನೀ? ನಿನ್ನ ಹೆಂಗ ನಂಬೂದು?"

ಕೆಂಚವ್ವ ಬುಟ್ಟಿ ಇಳಿಸಿ, ಒಂದು ಪಾತ್ರೆ ತೆಗೆದು ಅವಳ ಮುಂದೆ ಹಿಡಿದಳು.

"ನನ್ನ ನಂಬಬ್ಯಾಡ್ರಿ. ಭಾಂಡೆ ಬಡದ ನೋಡ್ರಿ."