ಹೆಬ್ಬೆಟ್ಟಿನ ಅಚ್ಚು

ಹಾಲು ತರೋಕೆ ಹೋದರೆ ಮೊಸರು ತರ್ತಾಳೆ ಎಂದು ಬೀದಿಯವರು ಅವಳ ಬಗ್ಗೆ ಹೇಳುತ್ತಿದ್ದರು. ಹಾಲಿನ ಅಂಗಡಿಯೇನು ಏಳು ಸಮುದ್ರದಾಚೆ ಇರಲಿಲ್ಲ, ಬೀದಿಯ ಮೂಲೆಯಲ್ಲೇ ಇತ್ತು. ಕಟ್ಟಡದ ಬಾಗಿಲಿಂದ ಕೂಗಿದರೆ ಅಂಗಡಿಯವನು 'ಓ' ಎನ್ನುತ್ತಿದ್ದ. ಆದರೆ ಹೋಗುವಾಗಲೋ ಬರುವಾಗಲೋ ಅವಳು ಎಲ್ಲಾದರೊಂದು ಕಡೆ ನಿಂತುಬಿಡುತ್ತಿದ್ದಳು. ಕೊಡೆ ರಿಪೇರಿಯವನು ನೆಲದ ಮೇಲೆ ಹರವಿಕೊಂಡ ಕಡ್ಡಿಗಳ ಮುಂದೆ. ಗಾಜಿನಂಗಡಿಯವನು ಕತ್ತರಿಸಿ ಗೋಡೆಗೊರಗಿಸಿದ ಚೂರುಗಳ ಮುಂದೆ. ಒಮ್ಮೆಯಂತೂ ಮಾಂಸದಂಗಡಿಯೆದುರಿನ ಚರಂಡಿ ಮುಚ್ಚಳದ ಮುಂದೆ, ವರ ಕೇಳಲು ನಿಂತವಳ ಹಾಗೆ.

ಯಾರನ್ನೋ ಕಾಯುತ್ತಿರಬೇಕು ಎಂದು ಜನ ಮೊದಮೊದಲು ಅಂದುಕೊಂಡರು. ಯಾರೂ ಬರಲಿಲ್ಲ. ಆಮೇಲೆ, ತಲೆ ನೆಟ್ಟಗಿಲ್ಲ ಎಂದರು. ಕೆಳಮನೆಯಾಕೆಯ ಬಾಯಿಗೆ ಬಾಗಿಲಿರಲಿಲ್ಲ. "ದೇವರು ಕಾಲು ಕೊಟ್ಟಿದ್ದು ನಡೆಯೋಕೆ. ಇವಳು ಅದರ ಕೈಲಿ ಕಂಬದ ಕೆಲಸ ಮಾಡಿಸ್ತಾಳೆ" ಎಂದಳು. ಕೊನೆಗೆ ಬೀದಿಯೇ ಸೇರಿ ಅವಳಿಗೊಂದು ಹೆಸರಿಟ್ಟಿತು: ನಿಂತಮ್ಮ.

ಮನೆಯೊಳಗೆ ಆ ಹೆಸರು ನಡೆಯುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅವಳ ಗಂಡನ ತಂಗಿ. ಆ ನಾದಿನಿಗೆ ಇವಳು ಅತ್ತಿಗೆ. ನಾವೂ ಅತ್ತಿಗೆ ಎಂದೇ ಕರೆಯೋಣ.

ಅತ್ತಿಗೆಯ ಕಸುಬು ಬಟ್ಟೆಯ ಮೇಲೆ ಅಚ್ಚು ಹಾಕುವ ಚಿತ್ತಾರ ಬರೆಯುವುದು. ಎರಡು ಬೀದಿ ದಾಟಿದರೆ ಅಚ್ಚಿನ ಶೆಡ್ಡು. ಫ್ರಾಕಿನ ಬಟ್ಟೆ, ಪರದೆ, ದಿಂಬಿನ ಚೀಲ, ಎಲ್ಲಕ್ಕೂ ಅಲ್ಲಿ ಬಣ್ಣದ ಅಚ್ಚು ಬೀಳುತ್ತಿತ್ತು. ವಾರಕ್ಕೊಂದು ಹೊಸ ಚಿತ್ತಾರ ಕೊಡಬೇಕು. ಅದೂ ಹೇಗೆಂದರೆ ಹಾಗಲ್ಲ. ಒಂದು ಚೌಕದೊಳಗೆ ಬರೆಯಬೇಕು. ಆ ಚೌಕವನ್ನು ಪಕ್ಕಪಕ್ಕ, ಮೇಲೆಕೆಳಗೆ ಇಟ್ಟುಕೊಂಡು ಹೋದರೆ ಎಲ್ಲಿ ಕೂಡಿತು ಎಂದು ಗೊತ್ತಾಗಬಾರದು. ಬಲಗಡೆ ಅರ್ಧ ಕಡಿದುಹೋದ ಎಲೆ ಪಕ್ಕದ ಚೌಕದ ಎಡಗಡೆ ಬಂದು ಪೂರ್ತಿಯಾಗಬೇಕು. "ಒಳ್ಳೇ ಸಂಬಂಧದ ಹಾಗೆ. ಬೆಸುಗೆ ಕಾಣಬಾರದು" ಎನ್ನುತ್ತಿದ್ದಳು ಅತ್ತಿಗೆ.

ಕೊಡೆ ಕಡ್ಡಿ, ಗಾಜಿನ ಚೂರು, ಚರಂಡಿ ಮುಚ್ಚಳ ಎಲ್ಲ ಹೀಗೆ ಬಟ್ಟೆಯಾಗಿದ್ದವು. ಕೆಳಮನೆಯಾಕೆ ಒಮ್ಮೆ ಹೊಸ ಪರದೆ ತಂದು ಮೆಟ್ಟಿಲ ಮೇಲೆ ಹರವಿ, "ಯಾವ ದೇಶದ ಹೂವೋ ಏನೋ, ಎಷ್ಟು ಗುಂಡಗಿದೆ ನೋಡು" ಎಂದು ನಾದಿನಿಗೆ ತೋರಿಸಿದಳು.

"ಇದೇ ದೇಶದ್ದು. ದಿನಾ ತುಳ್ಕೊಂಡು ಹೋಗ್ತೀಯಲ್ಲ, ಮಾಂಸದಂಗಡಿ ಮುಂದೆ, ಅದೇ" ಎಂದಳು ನಾದಿನಿ.

ಪರದೆ ಒಂದು ತಿಂಗಳು ಗಂಟಿನೊಳಗೇ ಇತ್ತು. ಆಮೇಲೆ ಆಕೆಯೇ ತೂಗುಹಾಕಿದಳು. ಚೆನ್ನಾಗಿದ್ದುದನ್ನು ಎಷ್ಟು ದಿನ ಬಚ್ಚಿಟ್ಟಾಳು?

ಅತ್ತಿಗೆಯ ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಜೊತೆಯಲ್ಲಿ ಹೊರಟಾಗ ಅವಳು ನಿಂತರೆ ಅವನೂ ನಿಲ್ಲುತ್ತಿದ್ದ. ಅವಳು ಕಂಡಿದ್ದು ಅವನಿಗೆ ಕಾಣುತ್ತಿರಲಿಲ್ಲ. ಕಾಣುತ್ತದೆ ಎಂದು ಸುಳ್ಳೂ ಹೇಳುತ್ತಿರಲಿಲ್ಲ. ಸುಮ್ಮನೆ ಅವಳ ಮುಖ ನೋಡಿಕೊಂಡು ನಿಂತಿರುತ್ತಿದ್ದ. ಎದೆನೋವು ಬಂದು ಅವನು ಹೋದಮೇಲೆ ನಾದಿನಿ ತನ್ನ ಪೆಟ್ಟಿಗೆ ಹೊತ್ತುಕೊಂಡು ಬಂದು, "ನಂಗೂ ಯಾರಿಲ್ಲ, ನಿಂಗೂ ಯಾರಿಲ್ಲ, ಎರಡು ಬಾಡಿಗೆ ಯಾಕೆ" ಎಂದು ಒಳಗೆ ನುಗ್ಗಿದಳು. ಅತ್ತಿಗೆ ನಾದಿನಿಯರೆಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರೆ. ಇವರೂ ಹಾಗೇ ಇದ್ದರು. ಆದರೆ ಎಣ್ಣೆ ಸೀಗೆಕಾಯಿ ಎರಡೂ ಒಂದೇ ಬಚ್ಚಲಲ್ಲಿ ಇರುತ್ತವಲ್ಲ.

ನಾದಿನಿಯದು ಇಸ್ತ್ರಿ ಅಂಗಡಿಯ ಕೆಲಸ. ಓದು ತಲೆಗೆ ಹತ್ತಿರಲಿಲ್ಲ. ರುಜು ಹಾಕು ಎಂದರೆ ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದಳು. ಅಣ್ಣ ಇದ್ದಾಗ ಅವಳನ್ನು "ಏ ಹೆಬ್ಬೆಟ್ಟೇ" ಎಂದೇ ಕರೆಯುತ್ತಿದ್ದ, ಅವಳೂ "ಏನೋ ರುಜೂ" ಎಂದು ತಿರುಗಿ ಹೇಳುತ್ತಿದ್ದಳು. ಅಣ್ಣನೊಬ್ಬನಿಗೆ ಮಾತ್ರ ಆ ಸಲಿಗೆ. ಬೇರೆ ಯಾರಾದರೂ ಆ ಮಾತೆತ್ತಿದರೆ ಅವಳ ಮುಖದಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಕಾಣುತ್ತಿತ್ತು.

ಹೀಗಿರುವಾಗ ಅತ್ತಿಗೆಯ ಮೊಣಕಾಲು ಕೈಕೊಟ್ಟಿತು. ನಿಂತು ನಿಂತು ಸವೆಸಿಕೊಂಡಳು ಎಂದಿತು ಬೀದಿ. ಮನೆ ಮೂರನೇ ಮಹಡಿ, ಲಿಫ್ಟಿಲ್ಲ, ಮೆಟ್ಟಿಲೋ ಕಡಿದು. ವೈದ್ಯರು ಮೆಟ್ಟಿಲ ಕಡೆ ತಲೆ ಹಾಕಿ ಮಲಗಲೂಬೇಡಿ ಎನ್ನುವಂತೆ ಹೇಳಿ ಕಳಿಸಿದರು. ಅತ್ತಿಗೆ ಮೇಲೆ ಉಳಿದಳು, ಬೀದಿ ಕೆಳಗೆ ಉಳಿಯಿತು. ಮನೆಗಿದ್ದ ಒಂದೇ ಕಿಟಕಿಯೆದುರು ಪಕ್ಕದ ಕಟ್ಟಡದ ಬೋಳು ಗೋಡೆ.

ಕೆಲವು ವಾರ ಅವಳು ಮನೆಯನ್ನೇ ಬರೆದಳು. ತುರಿಯುವ ಮಣೆಯ ಹಲ್ಲು, ಫ್ಯಾನಿನ ಜಾಲರಿ, ಹೊದಿಕೆಯ ಹೊಲಿಗೆ, ಸಾಬೂನು ಒಣಗಿ ಬಿಟ್ಟ ಬಿರುಕು. ಎರಡು ಕೋಣೆಯ ಮನೆ ಎಷ್ಟು ದಿನ ಬಂದೀತು? ಒಂದು ದಿನ ಕಾಗದದ ಮುಂದೆ ಕೂತವಳು ಸಂಜೆಯವರೆಗೂ ಕೂತೇ ಇದ್ದಳು, ಕಾಗದ ಬೆಳ್ಳಗೇ ಇತ್ತು. ಮುಂದಿನ ವಾರವೂ ಅಷ್ಟೆ.

ಶೆಡ್ಡಿನ ಯಜಮಾನ ತಾನೇ ಮೆಟ್ಟಿಲು ಹತ್ತಿ ಬಂದ. ದಪ್ಪ ಮನುಷ್ಯ, ಉಸಿರು ಹಿಂತಿರುಗಿ ಬರುವವರೆಗೆ ಬಾಗಿಲಲ್ಲೇ ನಿಂತ. ಒಳ್ಳೆಯವನೇ.

"ನಿಮ್ಮ ಕೈ ನಂಗೆ ಬೇಕಮ್ಮ. ಆದ್ರೆ ಅಚ್ಚಿನ ಮೇಜು ಖಾಲಿ ಬಿದ್ದಿದೆ, ಹುಡುಗೀರು ಕೈಕಟ್ಟಿ ಕೂತಿದಾರೆ. ಕಂಪ್ಯೂಟರಲ್ಲಿ ರೆಡಿ ಡಿಸೈನು ಸಿಗುತ್ತೆ, ರಾಶಿ ರಾಶಿ. ಈ ತಿಂಗಳು ನೋಡ್ತೀನಿ. ಆಮೇಲೆ ನನ್ನ ಕೈಲೂ ಇಲ್ಲ."

ಅವನು ಇಳಿದು ಹೋದಮೇಲೆ ಅತ್ತಿಗೆ ಅಳಲಿಲ್ಲ. ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿ ಡಬ್ಬಿಯೊಳಗಿಟ್ಟು ಮುಚ್ಚಿದಳು. ಅತ್ತಿದ್ದರೂ ನಾದಿನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಗಂಡ ಸತ್ತ ವಾರವೂ ಡಬ್ಬಿ ಮುಚ್ಚಿದವಳಲ್ಲ ಇವಳು.

"ಫೋನಲ್ಲಿ ಫೋಟೋ ತೆಗೆಯೋದು ಹೇಗೆ ಹೇಳ್ಕೊಡು, ನಾನು ಹೋಗಿ ನೋಡ್ಕೊಂಡು ಬರ್ತೀನಿ" ಎಂದಳು ನಾದಿನಿ.

"ಏನು ನೋಡ್ತೀಯ?"

"ನೀನು ನೋಡೋದು."

"ನಾನು ನೋಡೋದು ನಂಗೇ ಗೊತ್ತಿಲ್ಲ."

"ಸರಿ ಹಾಗಾದ್ರೆ, ಇಬ್ಬರೂ ಸಮ ಆದ್ವಿ. ಎಲ್ಲಿ ಒತ್ತಬೇಕು?"

ಮಾರನೆಯ ದಿನ ನಾದಿನಿ ಇಸ್ತ್ರಿ ಅಂಗಡಿಯಿಂದ ಬೇಗ ಬಿಡಿಸಿಕೊಂಡು ಊರೆಲ್ಲ ಸುತ್ತಿದಳು. ಬಂದು, ಬೆವರು ಒರೆಸಿಕೊಳ್ಳದೆ ಫೋನು ಕೊಟ್ಟು, ಪಕ್ಕದಲ್ಲೇ ಕೂತಳು, ಮಾರ್ಕ್ಸು ಕೇಳಲು ಕೂತ ಮಗುವಿನ ಹಾಗೆ.

"ಇದೇನು?"

"ಗುಲಾಬಿ. ಪಾರ್ಕಲ್ಲಿತ್ತು."

"ಇದು?"

"ಸೂರ್ಯ ಮುಳುಗ್ತಿದ್ದ."

"ಅವನು ದಿನಾ ಮುಳುಗ್ತಾನೆ. ಇದು ಯಾರ ಮಗು?"

"ಗೊತ್ತಿಲ್ಲ. ಮುದ್ದಾಗಿತ್ತು."

"ಇದೆಲ್ಲ ಕ್ಯಾಲೆಂಡರಲ್ಲಿ ಇರೋದೇ. ಮತ್ತೆ ಪ್ರತಿಯೊಂದರ ಮೂಲೇಲೂ ಇದೇನಿದು, ಕುಂಬಳಕಾಯಿ?"

ನಾದಿನಿ ಬಗ್ಗಿ ನೋಡಿದಳು. "ನನ್ನ ಬೆರಳು ಅನ್ಸುತ್ತೆ."

ಮೂರು ದಿನ ಇದೇ ಕಥೆ. ಮೋಡ ಬಂತು, ಬೆಕ್ಕಿನ ಮರಿ ಬಂತು, ಕಾರಂಜಿ ಬಂತು, ಎಲ್ಲದರ ಮೂಲೆಯಲ್ಲೂ ಕುಂಬಳಕಾಯಿ. ತಿಂಗಳು ಕರಗುತ್ತಿತ್ತು. ನಾಲ್ಕನೇ ದಿನ ಅತ್ತಿಗೆ ಫೋನನ್ನು ಹಾಸಿಗೆಯ ಮೇಲೆ ಎಸೆದು, "ಬಿಡು. ಹೆಬ್ಬೆಟ್ಟಿಗೆ ಹೇಳಿ ಏನು ಪ್ರಯೋಜನ" ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು. ನಾದಿನಿ ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದನ್ನೇ ಮತ್ತೆ ತೊಳೆದಳು. ಎರಡು ದಿನ ಆ ಮನೆಯಲ್ಲಿ ಮಾತಾಡಿದ್ದು ನಲ್ಲಿಯೊಂದೇ. ಕೂತಲ್ಲಿಗೇ ಊಟ ಬರುತ್ತಿತ್ತು, ಮಾತ್ರೆ ಬರುತ್ತಿತ್ತು, ಮೊಣಕಾಲಿಗೆ ಬಿಸಿನೀರಿನ ಚೀಲ ಬರುತ್ತಿತ್ತು. ತಂದವಳ ಕಣ್ಣು ಮಾತ್ರ ಬರುತ್ತಿರಲಿಲ್ಲ. ಅದಕ್ಕಿಂತ ಬೈದಿದ್ದರೆ ಅತ್ತಿಗೆಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ನಾದಿನಿ ಕೆಲಸಕ್ಕೆ ಹೋದಾಗ ಅತ್ತಿಗೆ ಆ ಫೋಟೋಗಳನ್ನು ಮತ್ತೆ ತೆಗೆದಳು. ಕೆಲಸಕ್ಕೆಂದಲ್ಲ. ಮುನಿಸಿಕೊಂಡವರ ವಸ್ತುವನ್ನು ಕೈಯಲ್ಲಿ ಹಿಡಿದು ಕೂರುತ್ತೇವಲ್ಲ, ಹಾಗೆ. ಗುಲಾಬಿ ನೋಡಲಿಲ್ಲ, ಸೂರ್ಯನನ್ನು ನೋಡಲಿಲ್ಲ. ಬೆರಳನ್ನು ನೋಡಿದಳು. ಅಗಲವಾದ ಹೆಬ್ಬೆರಳು. ಬಿಸಿಲಿಗೆ ಹಿಡಿದ ಕಡೆ ಅಂಚೆಲ್ಲ ಕೆಂಪಗೆ ಬೆಳಗಿತ್ತು, ಒಳಗೆ ದೀಪ ಹಚ್ಚಿಟ್ಟ ಹಾಗೆ. ಉಗುರಿನ ಕೆಳಗೆ ಯಾವಾಗಲೋ ಇಸ್ತ್ರಿಪೆಟ್ಟಿಗೆ ತಾಗಿ ಬಿಟ್ಟ ಗೆರೆ, ಚಂದ್ರನ ಚೂರಿನಂತೆ ಬಾಗಿದ್ದು. ಗೋಡೆಯ ಮುಂದೆ ಒಂದು ಬಣ್ಣ, ಆಕಾಶದ ಮುಂದೆ ಇನ್ನೊಂದು. ಎಲ್ಲದರಲ್ಲೂ ಅದೇ ಮೂಲೆ, ಕೆಳಗೆ ಬಲಗಡೆ.

ಅದೇ ಮೂಲೆ.

ಅತ್ತಿಗೆ ಡಬ್ಬಿ ತೆಗೆದಳು. ಒಂದು ಚೌಕ ಬರೆದು ಮೂಲೆಯಲ್ಲಿ ಬೆರಳು ಬರೆದಳು. ಅಂಥವೇ ನಾಲ್ಕು ಚೌಕ ಕತ್ತರಿಸಿ, ಒಂದೊಂದನ್ನೂ ತಿರುಗಿಸಿ, ಬೆರಳಿದ್ದ ಮೂಲೆಗಳನ್ನೆಲ್ಲ ನಡುವೆ ಕೂಡಿಸಿದಳು. ನಾಲ್ಕು ಹೆಬ್ಬೆಟ್ಟು ಒಂದಕ್ಕೊಂದು ಮುಖ ಕೊಟ್ಟು ಕೂತು ಹೂವಾದವು. ನಾಲ್ಕು ಎಸಳು, ಎಸಳಿಗೊಂದು ಗೆರೆ. ಬೆಸುಗೆ ಎಲ್ಲೂ ಕಾಣಲಿಲ್ಲ.

ಸಂಜೆ ನಾದಿನಿ ಬಂದು ಚೀಲ ಇಳಿಸುವಾಗ ಮೇಜಿನ ಮೇಲಿದ್ದುದು ಕಣ್ಣಿಗೆ ಬಿತ್ತು. ಮಾತು ಬಿಟ್ಟವಳು ಮರೆತು ಕೇಳಿದಳು, "ಯಾವ ಹೂವು?"

"ನಿನ್ನ ಹೆಬ್ಬೆಟ್ಟು."

ನಾದಿನಿಯ ಮುಖ ಸಣ್ಣದಾಯಿತು. "ಮನೇಲಿ ಅಂದಿದ್ದು ಸಾಲದು ಅಂತ ಬಟ್ಟೆ ಮೇಲೆ ಅಚ್ಚು ಹಾಕಿಸಿ ಊರಿಗೆಲ್ಲ ಸಾರ್ತೀಯಾ ಅತ್ತಿಗೆ?"

"ಇಲ್ಲಿ ಬಾ."

"ಬರಲ್ಲ."

"ನಂಗೆ ಎದ್ದು ಬರೋಕಾಗಲ್ವೇ. ನೀನೇ ಬಾ."

ನಾದಿನಿ ಬಂದಳು. ಅತ್ತಿಗೆ ಅವಳ ಕೈ ಹಿಡಿದು, ಬೆರಳನ್ನು ಕಾಗದದ ಪಕ್ಕ ಇಟ್ಟು, ಗೆರೆಗೆ ಗೆರೆ ತೋರಿಸಿದಳು. "ಅವತ್ತು ನನ್ನ ನಾಲಿಗೆ ಜಾರಿತು. ಕೋಪ ಕಾಲಿನ ಮೇಲಿತ್ತು, ನಿನ್ನ ಮೇಲೆ ಬಿತ್ತು. ಇದನ್ನ ಕೊಡಬೇಡ ಅಂದ್ರೆ ಕೊಡಲ್ಲ. ಈಗಲೇ ಹರಿದು ಹಾಕ್ತೀನಿ. ಆದ್ರೆ ನೀನು ತಂದ ಅಷ್ಟು ಫೋಟೋದಲ್ಲಿ ಯಾರೂ ತೆಗೀದೇ ಇರೋದು ಇದೊಂದೇ ಇತ್ತು. ಸುಳ್ಳಲ್ಲ."

ನಾದಿನಿ ತನ್ನ ಬೆರಳನ್ನು ಹೊಸದಾಗಿ ಕೊಂಡ ವಸ್ತುವಿನಂತೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಸುಟ್ಟ ಗೆರೇನ ಇನ್ನೊಂದು ಸ್ವಲ್ಪ ಬಾಗಿಸು. ಅದು ಅಷ್ಟು ನೆಟ್ಟಗಿಲ್ಲ" ಎಂದಳು.

ಯಜಮಾನ ಅದನ್ನು ಅಚ್ಚು ಹಾಕಿಸಿದ. ಬಟ್ಟೆಯ ಮೊದಲ ತಾನು ಮಾರಿಹೋಯಿತು, ಎರಡನೆಯದೂ ಹೋಯಿತು. ಅವನು ಇನ್ನೊಂದು ಬಣ್ಣದಲ್ಲಿ ಹಾಕಿಸಿ ರೆಡಿ ಡಿಸೈನಿನ ಮಾತು ಬಿಟ್ಟ. ಒಂದು ಮಧ್ಯಾಹ್ನ ಇಸ್ತ್ರಿ ಅಂಗಡಿಗೆ ಯಾರೋ ಒಬ್ಬ ಹೆಂಗಸು ಅದೇ ಬಟ್ಟೆಯ ಫ್ರಾಕು ತಂದು, "ಹುಷಾರು, ಹೊಸದು" ಎಂದು ಕೊಟ್ಟುಹೋದಳು. ನಾದಿನಿ ಬಂದು ಅತ್ತಿಗೆಗೆ ಹೇಳಿದಳು, "ಪೆಟ್ಟಿಗೆ ಇಡೋಕೆ ಕೈ ಬರಲಿಲ್ಲ. ನನ್ನ ಬೆರಳನ್ನ ನಾನೇ ಇನ್ನೊಂದ್ಸಲ ಸುಡೋದಾ ಅನ್ನಿಸ್ತು." ಇಬ್ಬರೂ ನಕ್ಕರು. ನಗುತ್ತಲೇ ಅತ್ತಿಗೆ ಕಣ್ಣೊರೆಸಿಕೊಂಡಳು, ನಾದಿನಿ ನೋಡಿಯೂ ನೋಡದವಳ ಹಾಗೆ ಇದ್ದಳು.

ಅಲ್ಲಿಂದ ಮುಂದೆ ನಾದಿನಿಯೂ ಬೀದಿಯಲ್ಲಿ ನಿಲ್ಲತೊಡಗಿದಳು. ಗುಲಾಬಿ ಬಿಟ್ಟಳು. ಹಗ್ಗದ ಮೇಲೆ ಒಣಗಿಸಿದ ಕಾಲುಚೀಲಗಳ ನೆರಳು ತಂದಳು, ಬಸ್ಸಿನ ಗಾಜಿನ ಮೇಲೆ ಯಾರದೋ ತಲೆಯೆಣ್ಣೆ ಬಿಟ್ಟ ಗುರುತು ತಂದಳು. ಅತ್ತಿಗೆ ಮೇಲೆ ಕೂತು ಬರೆದಳು. ಒಂದು ವರ್ಷ ಹೀಗೇ ಕಳೆಯಿತು.

ಆದರೆ ಅತ್ತಿಗೆಯ ಒಳಗೊಂದು ಹುಳ ಕೊರೆಯುತ್ತಿತ್ತು. ಶೆಡ್ಡಿನ ಹಿಂದೆ, ನೆಲದ ಮಟ್ಟದಲ್ಲೇ, ಒಂದು ಮನೆ ಖಾಲಿಯಾಗಿದೆ ಎಂದು ನಾದಿನಿ ಕುಣಿಯುತ್ತ ಬಂದ ದಿನ ಅದು ಹೊರಗೆ ಬಂತು.

"ಕೆಳಗೆ ಹೋಗಿ ಬೀದೀಲಿ ನಿಂತಾಗ ಏನೂ ಕಾಣದೇ ಹೋದ್ರೆ?" ಎಂದಳು ಅತ್ತಿಗೆ. "ವರ್ಷದಿಂದ ನಿನ್ನ ಕಣ್ಣಲ್ಲಿ ಬದುಕಿದೀನಿ. ನನ್ನದು ಇದೆಯೋ ಹೋಯ್ತೋ, ಯಾರಿಗೆ ಗೊತ್ತು? ಇಲ್ಲಿದ್ರೆ ತಪ್ಪನ್ನ ಕಾಲಿನ ಮೇಲೆ ಹಾಕಬಹುದು. ಅಲ್ಲಿ ಯಾವುದರ ಮೇಲೆ ಹಾಕಲಿ?"

ನಾದಿನಿ ಹಾರಿಕೆಯ ಸಮಾಧಾನ ಹೇಳಲಿಲ್ಲ. "ಹೋದ್ರೆ ಹೋಗಲಿ, ಬೀದಿಗೆ ಹೋಗೋಕೆ ಮೆಟ್ಟಿಲಿಲ್ಲ ಅಲ್ಲಿ" ಎಂದಳಷ್ಟೆ. ಸಾಮಾನು ಕಟ್ಟಿದಳು.

ಹೊರಡುವ ಬೆಳಗ್ಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತೇವೆಂದು ಗಾಡಿಯವರು ಬಂದರು. ಅತ್ತಿಗೆ ಒಪ್ಪಲಿಲ್ಲ. "ಬೀರು ಹೊರಿ. ನಾನು ಬೀರು ಅಲ್ಲ" ಎಂದಳು. ಬಾಗಿಲಿಗೆ ಬೀಗ ಬಿದ್ದಮೇಲೆ ಮೊದಲ ಮೆಟ್ಟಿಲ ಮೇಲೆ ಕೂತು, ಅಂಬೆಗಾಲಿಡುವ ಕೂಸು ಇಳಿಯುವ ಹಾಗೆ, ಕೈಯೂರಿ ಒಂದೊಂದೇ ಮೆಟ್ಟಿಲು ಜಾರತೊಡಗಿದಳು. ನಾದಿನಿ ಎರಡು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲು, ಹಿಂದುಹಿಂದಕ್ಕೆ ಇಳಿಯುತ್ತಿದ್ದಳು. ಕೆಳಮನೆಯಾಕೆ ಬಾಗಿಲಲ್ಲಿ ನಿಂತು, "ನಿಧಾನ ಕಣಮ್ಮಾ, ನಿಧಾನ" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಅವತ್ತು ಕೊಂಕಿರಲಿಲ್ಲ.

ಒಂದು ಮಹಡಿ ಇಳಿಯುವಷ್ಟರಲ್ಲಿ ಅತ್ತಿಗೆ ಮಾತು ನಿಲ್ಲಿಸಿದ್ದಳು. ನೋವು ಬಂತೇನೋ ಎಂದು ನಾದಿನಿ ತಲೆಯೆತ್ತಿದಳು. ಅತ್ತಿಗೆ ಗೋಡೆಯ ಕಡೆ ತಿರುಗಿದ್ದಳು. ಎಷ್ಟೋ ವರ್ಷ ಹತ್ತಿಳಿದ ಮೆಟ್ಟಿಲೇ. ಆದರೆ ಇಷ್ಟು ಕೆಳಗಿನಿಂದ ಅದನ್ನು ಅವಳು ಎಂದೂ ಕಂಡಿರಲಿಲ್ಲ. ಗೋಡೆಯ ಬುಡದ ಸುಣ್ಣದಲ್ಲಿ ಹೊತ್ತೊಯ್ದ ಮಂಚ, ಬೀರು, ತೊಟ್ಟಿಲುಗಳೆಲ್ಲ ತಾಗಿ ತಾಗಿ ಗೀರು ಬಿದ್ದಿದ್ದವು. ಎಲ್ಲವೂ ಒಂದೇ ಕಡೆಗೆ ಓರೆಯಾಗಿ, ಗಾಳಿಗೆ ಬಾಗಿದ ಹುಲ್ಲಿನ ಹಾಗೆ.

"ನಿಂಗೆ ಕಾಣ್ತಿದೆಯಾ?" ಎಂದಳು ಅತ್ತಿಗೆ.

ನಾದಿನಿ ನೋಡಿದಳು. "ಇಲ್ಲ. ಬರೀ ಗೀರು."

"ಹೌದಾ?" ಅತ್ತಿಗೆಯ ಮುಖವರಳಿತು. "ನಿಂಗೆ ಕಾಣ್ತಿಲ್ವಾ? ನಿಜವಾಗ್ಲೂ?"

"ನಿಜವಾಗ್ಲೂ ಇಲ್ಲ ಅತ್ತಿಗೆ."

ಕೆಳಗೆ ಗಾಡಿಯವನು ಹಾರ್ನು ಒತ್ತಿದ. ಕಾಯಲಿ ಎಂದಳು ನಾದಿನಿ, ತನ್ನಷ್ಟಕ್ಕೆ ತಾನೇ, ಮತ್ತು ಮೆಟ್ಟಿಲ ಮೇಲೆ ಕೂತಳು. ಅತ್ತಿಗೆ ತನಗೆ ಸಾಕೆನಿಸುವವರೆಗೆ ಗೀರುಗಳನ್ನು ನೋಡಿದಳು. ಆಮೇಲೆ ಉಳಿದ ಮೆಟ್ಟಿಲು ಇಳಿದು, ನಾದಿನಿಯ ಹೆಗಲು ಹಿಡಿದು ಎದ್ದು, ಸೀರೆಯ ಧೂಳು ಕೊಡವಿಕೊಂಡು ಹೊಸ್ತಿಲು ದಾಟಿದಳು.