ಬೀರೇಶ ನೋಡಲು ಹೋದ ಡ್ರಿಲ್ಲಿಂಗ್ ಮೆಷಿನ್ನು

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬೀರೇಶನ ಕಿವಿಗೆ ಮಾತ್ರ ಕೂಲಿ ಸಿಗುತ್ತಿತ್ತು, ಮಿಕ್ಕ ಮೈ ಪುಕ್ಕಟೆ ಹೋಗಿ ಬರುತ್ತಿತ್ತು. ಹಾಗೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ತೋಟದವರು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಆಗಿದೆಯೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ನೀರು ಬತ್ತಿ ಕೊಬ್ಬರಿ ಕರಟವನ್ನು ಬಿಟ್ಟಿದ್ದರೆ ಒಳಗೆ ಗಡಗಡ ಎನ್ನುತ್ತದೆ. ಅಂಥದ್ದನ್ನು ಸುಲಿಯಲು ಕಳಿಸುವುದು. ಸದ್ದಿಲ್ಲದ್ದು ಮತ್ತೆ ಅಟ್ಟಕ್ಕೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಇಪ್ಪತ್ತನಾಲ್ಕು ವರ್ಷಕ್ಕೆ ಸಂಪಾದಿಸಿದ್ದ ವಿದ್ಯೆ ಇಷ್ಟೇ: ಗಡಗಡ ಎಂದರೆ ಒಳ್ಳೆಯದು.

ಆ ವಿದ್ಯೆಗೆ ವರ್ಷದಲ್ಲಿ ನಾಲ್ಕು ತಿಂಗಳು ಗಿರಾಕಿ. ಉಳಿದ ತಿಂಗಳು ಅವನು ವೈರಿಂಗ್ ದಯಾನಂದನ ಹಿಂದೆ ಸುತ್ತುತ್ತಿದ್ದ. ಹೊಸ ಮನೆಗಳಲ್ಲಿ ಕರೆಂಟಿನ ಪೈಪು ಹಿಡಿಸಲು ಗೋಡೆಗೆ ತೂತು ಬೇಕು. ಉಳಿ, ಸುತ್ತಿಗೆ ಹಿಡಿದು ಅದನ್ನು ಹೊಡೆಯುವವನು ಬೀರೇಶ. ಕರೆದ ದಿನ ಕೆಲಸ, ಕರೆಯದ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಪೇಪರು ಓದುವುದು. ಆ ಪೇಪರೂ ತಾನು ಕೊಂಡಿದ್ದಲ್ಲ ಎಂಬುದನ್ನು ಅವನು ಯಾರಿಗೂ ಮುಚ್ಚಿಟ್ಟಿರಲಿಲ್ಲ.

ಎರಡು ಸಾವಿರದ ಒಂದನೇ ಇಸವಿ. ಒಂದು ಶುಕ್ರವಾರ ದಯಾನಂದ ಹೇಳಿದ:

"ಸೋಮವಾರ ಹಾಲ್ಕುರಿಕೇಲಿ ಮರುಳಪ್ಪನವರ ಮನೆ ಐತೆ. ನಲವತ್ತೆರಡು ತೂತು. ನೀನು ಉಳಿ ಹಿಡ್ಕೊಂಡು ಕೂತ್ರೆ ಅವ್ರ ಗೃಹಪ್ರವೇಶದ ದಿನಾನೂ ಹೊಡೀತಾ ಇರ್ತೀಯ. ಮೆಷಿನ್ ತಂದ್ರೆ ತೂತಿನ ಕೆಲ್ಸ ಎಲ್ಲ ನಿಂದೇ, ವರ್ಷಪೂರ್ತಿ. ತರ್ದಿದ್ರೆ ಪೇಟೆ ಹುಡುಗ ಒಬ್ಬ ಅವ್ನೆ, ಅವನ ಹತ್ರ ಐತೆ."

"ಹೊಸದು ತರೋಕೆ ನಾನೇನು ಮಂಡಿ ಸಾಹುಕಾರನೇನಣ್ಣ?"

"ಹಳೇದು ತಗೊಳ್ಲಾ. ತುರುವೇಕೆರೆ ಮರುಳಸಿದ್ದಯ್ಯ ಮಾರ್ತಾರಂತೆ. ಬಾಗ್ಲು ಕಿಟಕಿ ಕೂರಿಸ್ತಿದ್ರಲ್ಲ, ಅವ್ರು. ಈಗ ಕೈ ನಡುಕ."

ಭಾನುವಾರ ಬೆಳಗ್ಗೆ ಬೀರೇಶ ತುರುವೇಕೆರೆಯ ಬಸ್ಸು ಹತ್ತಿದ. ಆ ಸಲದ ಕಾಯಿ ಸೀಸನ್ನಿನ ಕೂಲಿಯಲ್ಲಿ ಉಳಿದಿದ್ದೆಲ್ಲ ಅಂಗಿಯ ಒಳಜೇಬಿನಲ್ಲಿತ್ತು. ಮೆಷಿನ್ನು ಕೆಟ್ಟದಾಗಿದ್ದರೆ ಆ ದುಡ್ಡೂ ಹೋಯಿತು, ದಯಾನಂದನ ಕೆಲಸವೂ ಹೋಯಿತು. ಕೊಳ್ಳದೆ ಬಂದರೆ ದುಡ್ಡು ಉಳಿಯುತ್ತದೆ, ಕೆಲಸವಂತೂ ಹೋಯಿತು. ದಾರಿಯುದ್ದಕ್ಕೂ ಅವನು ಇದನ್ನೇ ಲೆಕ್ಕ ಹಾಕಿ, ಕೊನೆಗೆ ಹಳೇ ಯಂತ್ರಗಳ ವಿಷಯದಲ್ಲಿ ತಾನೊಬ್ಬ ಪಳಗಿದ ಮನುಷ್ಯನಂತೆ ಮುಖ ಮಾಡಿಕೊಳ್ಳುವುದೆಂದು ತೀರ್ಮಾನಿಸಿದ. ಡ್ರಿಲ್ಲನ್ನು ಅವನು ಅಲ್ಲಿಯವರೆಗೆ ಮುಟ್ಟಿದ್ದು ಎರಡೇ ಸಲ. ಎರಡು ಸಲವೂ ಎತ್ತಿಡಲು.

ಮರುಳಸಿದ್ದಯ್ಯ ಜಗುಲಿಯ ಮೇಲೆ ಗೋಣಿ ಹಾಸಿ ಮೆಷಿನ್ನು ಇಟ್ಟುಕೊಂಡೇ ಕೂತಿದ್ದರು. ನೀಲಿ ಬಣ್ಣ ಹಿಡಿಕೆಯ ಹತ್ತಿರ ಸವೆದು ಬೂದು ಬಣ್ಣಕ್ಕೆ ತಿರುಗಿತ್ತು. ವೈರಿಗೆ ಎರಡು ಕಡೆ ಟೇಪು.

"ಕರೆಂಟಿಲ್ಲ ಕಣಪ್ಪ. ಎರಡು ಗಂಟೆಗೆ ಬತ್ತದೆ. ಅಲ್ಲಿವರ್ಗೂ ಮೇಲುಮೇಲಕ್ಕೆ ನೋಡು" ಎಂದರು.

ಬೀರೇಶ ಮೇಲುಮೇಲಕ್ಕೆ ನೋಡಿದ. ವೈರು ಎಳೆದ. ಪ್ಲಗ್ಗಿನ ಪಿನ್ನು ಎಣಿಸಿದ, ಮೂರಿದ್ದವು. ಎತ್ತಿನ ಹಲ್ಲು ನೋಡುವವನ ಹಾಗೆ, ಕೊರೆಯುವ ಕಡ್ಡಿಯಾದ ಬಿಟ್ಟನ್ನು ಕಚ್ಚುವ ಬಾಯಿಯೊಳಗೆ ಇಣುಕಿ "ಹೂಂ" ಎಂದ. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಲೆಗೆ ತಿಳಿಯದಿದ್ದರೂ ಕೈಗೆ ತಿಳಿಯಿತು. ಮೆಷಿನ್ನನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದ.

ಗಡಗಡ ಎಂದಿತು.

ಅವನ ಮುಖ ಅರಳಿತು. "ಚೆನ್ನಾಗೈತೆ!" ಎಂದುಬಿಟ್ಟ.

ಮರುಳಸಿದ್ದಯ್ಯ ಕನ್ನಡಕ ಸರಿಮಾಡಿಕೊಂಡರು. "ಏನ್ಲಾ ಚೆನ್ನಾಗಿರೋದು?"

"ಒಳಗೆ ಗಡಗಡ ಅಂತೈತಲ್ಲ..." ಎನ್ನುವಷ್ಟರಲ್ಲಿ ಬೀರೇಶನಿಗೆ ತಾನು ಆಡುತ್ತಿರುವ ಮಾತು ಕೇಳಿಸಿತು.

ಬಾಗಿಲಲ್ಲಿ ನಿಂತಿದ್ದ ಮರುಳಸಿದ್ದಯ್ಯನವರ ಹೆಂಡತಿ ದ್ರಾಕ್ಷಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಮಂಡಿಯೋನಾ? ಸುಲಿಸ್ಬುಡು ಹಂಗಾರೆ. ಎಣ್ಣೆ ಎಷ್ಟು ಬತ್ತದೋ ನೋಡಾನ!"

"ತಮಾಷೆ ಇರ್ಲಿ ಕಣೇ" ಎಂದರು ಮರುಳಸಿದ್ದಯ್ಯ. ಅವರ ಮುಖ ಚಿಕ್ಕದಾಗಿತ್ತು. "ನಾನು ಕೆಳಗಿಟ್ಟಾಗ ಈ ಸದ್ದಿರ್ಲಿಲ್ಲ. ಒಳಗೆ ಏನೋ ಬಿಚ್ಚೋಗೈತೆ. ಇದನ್ನ ನಿನಗೆ ಮಾರಲ್ಲ, ಹೋಗಪ್ಪ."

ಬೀರೇಶನಿಗೆ ಜೀವ ಹಾರಿಹೋದಂತಾಯಿತು. "ಅಯ್ಯೋ, ಅಷ್ಟಕ್ಕೆಲ್ಲ ಯಾಕ್ರೀ? ಎಂಥ ಗಟ್ಟಿ ಮೆಷಿನ್ನು!"

"ಸವೆದೈತೆ ಕಣ್ಲಾ."

"ಸವೆದ್ರೆ ಹಿಡಿಯೋಕೆ ನುಣ್ಣಗಿರ್ತದೆ."

"ವೈರಿಗೆ ಟೇಪು ಸುತ್ತಿದ್ದೀನಿ."

"ಟೇಪು ಹೊಸಾದೇ ಅಲ್ವೇನ್ರೀ?"

ಕೊಳ್ಳಲು ಬಂದವನು ಹೊಗಳುತ್ತಿದ್ದ, ಮಾರುವವರು ತೆಗಳುತ್ತಿದ್ದರು. ಹೀಗೆ ಸ್ವಲ್ಪ ಹೊತ್ತು ನಡೆದ ಮೇಲೆ ದ್ರಾಕ್ಷಾಯಣಮ್ಮನೇ ಒಳಗಿಂದ ಸ್ಕ್ರೂಡ್ರೈವರ್ ತಂದು ಇಬ್ಬರ ನಡುವೆ ಇಟ್ಟರು. "ವಾದ ಮಾಡೋ ಬದ್ಲು ಬಿಚ್ಚಿ ನೋಡ್ರಿ."

ಮರುಳಸಿದ್ದಯ್ಯನವರ ಕೈ ನಡುಗುತ್ತಿತ್ತು. ಅವರು ಹೇಳಿದ ಹಾಗೆ ಬೀರೇಶ ಬಿಚ್ಚಿದ. ಹೊಟ್ಟೆ ತೆರೆದರೆ ಒಳಗೆ ಉದ್ದಿನ ಕಾಳಿನಷ್ಟು ಒಂದು ಸ್ಕ್ರೂ, ತನ್ನ ಜಾಗ ಬಿಟ್ಟು ಉರುಳಾಡುತ್ತಿತ್ತು. ವೈರನ್ನು ಒಳಗೆ ಅಮುಕಿ ಹಿಡಿಯುವ ಸ್ಕ್ರೂ. ಅದನ್ನು ಅದರ ಜಾಗಕ್ಕೆ ತಿರುಗಿಸಿ, ಮತ್ತೆ ಮುಚ್ಚಿ ಅಲ್ಲಾಡಿಸಿದರು. ಸದ್ದಿಲ್ಲ. ಮಂಡಿಯಲ್ಲಾಗಿದ್ದರೆ ಬೀರೇಶ ಇದನ್ನು ಪಕ್ಕಕ್ಕೆ ಎಸೆಯುತ್ತಿದ್ದ.

ಎರಡೂಕಾಲಿಗೆ ಕರೆಂಟು ಬಂತು. ಎಲ್ಲಿ ಕೊರೆದು ನೋಡುವುದು ಎಂಬ ಪ್ರಶ್ನೆಗೆ ದ್ರಾಕ್ಷಾಯಣಮ್ಮನ ಹತ್ತಿರ ಉತ್ತರ ಸಿದ್ಧವಿತ್ತು. ಅಡುಗೆಮನೆಯಲ್ಲಿ ಹಲಗೆ ಹೊಡೆಸಬೇಕೆಂದು ಒಂಬತ್ತು ವರ್ಷದಿಂದ ಕೇಳುತ್ತಿದ್ದರಂತೆ. "ಊರವ್ರ ಮನೆಗೆಲ್ಲ ಬಾಗ್ಲು ಇಟ್ರು. ನಂಗೆ ಒಂದು ಹಲಗೆ ಇಲ್ಲ."

ಬೀರೇಶ ಇಟ್ಟಿಗೆ ಗೋಡೆಗೆ ಬಿಟ್ಟನ್ನು ಒತ್ತಿ ಹಿಡಿದು ಗುಂಡಿ ಅದುಮಿದ. ಮೆಷಿನ್ನು ಮೊರೆಯಿತು, ಕೆಂಪು ಪುಡಿ ಕಾಲಿಗೆ ಸುರಿಯಿತು, ನೋಡನೋಡುತ್ತ ಬಿಟ್ಟು ಬೆರಳುದ್ದ ಒಳಗಿತ್ತು. ಉಳಿಯಲ್ಲಾಗಿದ್ದರೆ ಇಷ್ಟಕ್ಕೆ ಮುಕ್ಕಾಲು ಗಂಟೆ, ಎರಡು ಬೀಡಿ. ಅವನು ಆಗಲೇ ಜೇಬಿಗೆ ಕೈ ಹಾಕಿದ್ದ.

"ತಾಳು" ಎಂದರು ಮರುಳಸಿದ್ದಯ್ಯ. "ಬಾಗ್ಲು ಮೇಲಿನ ಬೀಮಿಗೆ ಹಿಡಿ."

ಬೀಮು ಎಂದರೆ ಜಲ್ಲಿ ಸಿಮೆಂಟು. ಬಿಟ್ಟು ಅಲ್ಲಿ ತಿರುಗಿತು, ತಿರುಗುತ್ತಲೇ ಇತ್ತು, ಒಳಗೆ ಮಾತ್ರ ಹೋಗಲಿಲ್ಲ. ಹೊಗೆ ಬಂತು.

"ನೋಡ್ದಾ? ತಿರುಗ್ತಾ ಕುಟ್ಟಬೇಕು ಇದು. ಕುಟ್ಟೋದು ಹೋಗೈತೆ. ಬರೀ ತಿರುಗ್ತದೆ. ಇಟ್ಟಿಗೆಗೆ ಸಾಕು, ಬೀಮಿಗೆ ಆಗಲ್ಲ. ಹೇಳ್ದೆ ಕೊಟ್ಟೆ ಅಂತ ನಾಳೆ ಯಾರೂ ಅನ್ನಬಾರ್ದು. ಅರ್ಧ ಬೆಲೆ ಕೊಡು, ಇಲ್ಲ ಬುಡು. ನಿನ್ನಿಷ್ಟ."

ಬೀರೇಶ ಗೋಡೆಗೊರಗಿ ಕೂತ. ಬೆಳಗ್ಗೆಯಿಂದ ಬಣ್ಣ ನೋಡಿದ್ದ, ಪಿನ್ನು ಎಣಿಸಿದ್ದ, ಸದ್ದು ಕೇಳಿದ್ದ. ಹಾಲ್ಕುರಿಕೆಯ ಆ ನಲವತ್ತೆರಡು ತೂತು ಯಾವುದಕ್ಕೆ ಎಂದು ಮಾತ್ರ ಕೇಳಿರಲಿಲ್ಲ. ಮದುವೆಗೆ ಹೆಣ್ಣು ನೋಡಲು ಬಂದು ಗಂಡು ಯಾರೆಂದು ವಿಚಾರಿಸದವನ ಹಾಗಾಯಿತು ತನ್ನ ಕತೆ ಎಂದುಕೊಂಡ. ಎದ್ದು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ದಯಾನಂದನ ಮನೆಗೆ ಫೋನು ಮಾಡಿದ.

"ಅಣ್ಣಾ, ಮರುಳಪ್ಪನವರ ಮನೇಲಿ ಬೀಮಿಗೆ ಎಷ್ಟು ತೂತು?"

"ಅದ್ಯಾಕ್ಲಾ?"

"ಹೇಳಣ್ಣ, ಮೀಟರ್ ಓಡ್ತೈತೆ."

ದಯಾನಂದ ಎಣಿಸಿದ. ಆ ಕಡೆ ಅವನ ತುಟಿ ಅಲ್ಲಾಡುವುದಕ್ಕೂ ದುಡ್ಡು ಬೀಳುತ್ತಿತ್ತು. "ಆರು. ಮಿಕ್ಕಿದ್ದೆಲ್ಲ ಇಟ್ಟಿಗೆ ಗೋಡೆ."

"ಬೀಮಿನ ಆರು ನಾನು ಉಳೀಲಿ ಹೊಡೀತೀನಿ. ಮೂವತ್ತಾರು ಮೆಷಿನ್ನಲ್ಲಿ. ಆಗ್ತದಾ?"

"ಕುಟ್ಟದೇ ಇರೋ ಮೆಷಿನ್ ತಗೊಂಡ್ಯಾ?"

"ಇನ್ನೂ ಇಲ್ಲ. ಕೇಳ್ಕೊಂಡು ತಗೊಳಾನ ಅಂತ."

"ನಾಳೆ ಸಂಜೆಯೊಳಗೆ ಮುಗಿಸ್ತೀಯ?"

"ಮುಗಿಸ್ತೀನಿ."

"ತಗಾ ಹಂಗಾರೆ."

ಬೀರೇಶ ವಾಪಸು ಬಂದು ಅರ್ಧ ಬೆಲೆ ಕೊಟ್ಟ. ಹಲಗೆಯ ಮಿಕ್ಕ ಮೂರು ತೂತನ್ನು ಹೊಡೆದ ಮೇಲೆಯೇ ದ್ರಾಕ್ಷಾಯಣಮ್ಮ ಅವನನ್ನು ಬಿಟ್ಟರು.

ಸೋಮವಾರ ಹಾಲ್ಕುರಿಕೆಯಲ್ಲಿ ಹನ್ನೊಂದೂವರೆಗೆಲ್ಲ ಮೂವತ್ತಾರು ಮುಗಿದವು. ಮನೆಯ ಯಜಮಾನ ಮರುಳಪ್ಪ ಬಂದು ಒಂದೊಂದರ ಒಳಗೂ ಬೆರಳು ಹಾಕಿ ನೋಡಿ "ಭೇಷ್" ಎಂದರು. ಆಮೇಲೆ ಬೀರೇಶ ಮೆಷಿನ್ನಿಗೆ ವೈರು ಸುತ್ತಿ ಪಕ್ಕಕ್ಕಿಟ್ಟು, ಏಣಿ ಹತ್ತಿ, ಉಳಿ ಹಿಡಿದ. ಆ ಆರಕ್ಕೆ ಸಂಜೆ ಐದೂವರೆಯಾಯಿತು. ತಲೆಯ ಮೇಲೆಲ್ಲ ಸಿಮೆಂಟು. ಎಡಗೈ ಹೆಬ್ಬೆರಳಿಗೆ ಎರಡು ಏಟು ಬಿದ್ದಿತ್ತು. ಅದರಲ್ಲಿ ಒಂದು, ಉಳಿಗೆ ಬಿದ್ದ ಏಟುಗಳಿಗಿಂತ ಜೋರಾಗಿತ್ತು.

ಕೆಳಗೆ ಪೈಪು ಜೋಡಿಸುತ್ತಿದ್ದ ದಯಾನಂದ ತಲೆಯೆತ್ತಿದ. "ಮುಂದಿನ ವಾರ ಕೆಂಕೆರೇಲಿ ಮನೆ ಐತೆ."

"ಬೀಮಿಗೆ ಎಷ್ಟು?"

"ಹನ್ನೊಂದು."

ಬೀರೇಶ ಹೆಬ್ಬೆರಳು ಬಾಯಿಂದ ತೆಗೆದು, "ಹಂಗಾರೆ ಎರಡು ದಿನ ಆಗ್ತದಣ್ಣ. ಮೊದ್ಲೇ ಅವರಿಗೆ ಹೇಳ್ಬುಡು" ಎಂದ.

"ಹೇಳ್ತೀನಿ ಇಳಿ" ಎಂದ ದಯಾನಂದ.