ಆವಿ ಅಕ್ಕ ಮತ್ತು ನದಿಯ ಬಲದಂಡೆ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಆವಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಆವಿಯ ನಡುವೆ ನಿಂತು ಇಸ್ತ್ರಿ ಹಾಕಿದವಳಿಗೆ ಆ ಹೆಸರು ಅಂಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹೆಸರಿಟ್ಟವಳು ಗುಂಡಿ ಹೊಲಿಯುವ ಅಜ್ಜಿ, ಅವಳು ಹೇಳುವ ಕಾರಣವೇ ಬೇರೆ. “ಮೈ ಇಲ್ಲಿರುತ್ತೆ, ಮನಸ್ಸು ಮೇಲೆದ್ದು ಸೂರು ಮುಟ್ಟಿರುತ್ತೆ ಇವಳದು” ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಕೈ ತನ್ನ ಪಾಡಿಗೆ ಕಾಲರು, ಹೆಗಲು, ತೋಳಿನ ಪಟ್ಟಿ ಎಂದು ಸಾಗುತ್ತಿದ್ದರೆ ಆವಿ ಅಕ್ಕ ಇನ್ನೆಲ್ಲೋ ತೇಲುತ್ತಿದ್ದಳು. ಯಾರಾದರೂ ಕರೆದರೆ, ದೂರದ ಊರಿನಿಂದ ಈಗತಾನೇ ಬಸ್ಸಿಳಿದವಳ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು.

ಲಾಂಡ್ರಿಯ ಹಿಂದೆ ನದಿ. ಹಿಂಬಾಗಿಲು ತೆಗೆದರೆ ಮೂರು ಕಲ್ಲಿನ ಮೆಟ್ಟಿಲು, ಆಮೇಲೆ ಜೊಂಡು, ಆಮೇಲೆ ನೀರು. ಬೆಳಿಗ್ಗೆ ಬಾಯ್ಲರ್ ಬಿಸಿಯಾಗಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಅವಳದು. ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಮೂರು ವರ್ಷದ ಹಿಂದೆ ಹಾಗೆ ಕೂತಿದ್ದಾಗ, ನುಣುಪಾಗಿದ್ದ ನೀರಿನಲ್ಲಿ ಬಟ್ಟೆಗೆ ಬೀಳುವಂಥ ಒಂದು ಸುಕ್ಕು ಮೂಡಿತು. ಸುಕ್ಕು ಅವಳ ಕಡೆಗೇ ಬಂತು. ಅದರ ತುದಿಯಲ್ಲಿ ಒದ್ದೆಯಾದ ಚಪ್ಪಟೆ ತಲೆ, ಹನಿ ತೊಟ್ಟಿಕ್ಕುವ ಮೀಸೆ, ಬಾಯಲ್ಲಿ ಅಡ್ಡಡ್ಡ ಹಿಡಿದ ಮೀನು. ಅದು ಅವಳನ್ನು ನೋಡಿತು. ಅವಳೂ ನೋಡಿದಳು. ಮರುಗಳಿಗೆ ಅಲ್ಲಿ ಏನೂ ಇರಲಿಲ್ಲ, ನೀರು ಮತ್ತೆ ನುಣುಪಾಗಿತ್ತು. ನಿದ್ದೆ ಪೂರ್ತಿ ಬಿಟ್ಟಿಲ್ಲವೇನೋ ಎಂದು ಅವಳು ಮುಖಕ್ಕೆ ನೀರು ಹಾಕಿಕೊಂಡು ಒಳಗೆ ಹೋದಳು. ಎರಡು ದಿನ ಬಿಟ್ಟು ಎರಡು ತಲೆ ಕಂಡವು. ಆಮೇಲೊಂದು ದಿನ ಮರಿಗಳು. ಶಾಲೆಯಲ್ಲಿ ಪಾಠ ಹೇಳುವ ನಾದಿನಿಯೇ ಅವು ನೀರುನಾಯಿಗಳೆಂದು ತಿಳಿಸಿದಳು.

ಲಾಂಡ್ರಿಯ ವ್ಯಾನ್ ಓಡಿಸುವ ಗಂಡ ನಗುತ್ತಿದ್ದ. “ಮೀನು ಕದಿಯೋ ಪ್ರಾಣಿಗೆ ಇಷ್ಟು ಮರುಳಾಗ್ಬೇಕೇನೇ?”

“ಕದಿಯೋದಲ್ಲ ರೀ. ಅದರ ಅಡುಗೆಮನೆ ಅದು.”

ಹೀಗಿರುವಾಗ ಒಂದು ದಿನ ಲಾಂಡ್ರಿಯ ಗೋಡೆಯ ಮೇಲೆ ನಗರಸಭೆಯ ನೋಟೀಸು ಅಂಟಿತು. ಹಳೆಯ ಸೇತುವೆಯಿಂದ ಪಂಪ್‌ಹೌಸಿನವರೆಗೆ ನದಿಯ ಎರಡೂ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿ, ಮೇಲೆ ನಡೆದಾಡುವ ದಾರಿ ಮಾಡುತ್ತಾರಂತೆ. ಮುಂದಿನ ತಿಂಗಳ ಕೊನೆಗೆ ಸಭೆಯಲ್ಲಿ ತೀರ್ಮಾನ. ಆವಿ ಅಕ್ಕ ನೋಟೀಸನ್ನು ಮೂರು ಸಲ ಓದಿದಳು. ಆ ದಿನ ಎರಡು ಅಂಗಿಗಳ ಕಾಲರು ಸುಟ್ಟವು.

ಆ ವಾರ್ಡಿನ ನಗರಸಭಾ ಸದಸ್ಯರ ಅಂಗಿಗಳು ಇಸ್ತ್ರಿಗೆ ಬರುತ್ತಿದ್ದುದು ಇವಳ ಮೇಜಿಗೇ. ಅವರನ್ನು ಅವಳು ಹತ್ತಿರದಿಂದ ಕಂಡಿದ್ದಿಲ್ಲ. ಆದರೂ ಅವರ ಬಲ ಮೊಣಕೈ ಬೇಗ ಸವೆಯುತ್ತದೆ, ಜೇಬಿನಲ್ಲಿ ಪೆನ್ನು ಸೋರುತ್ತದೆ, ಹೊಟ್ಟೆಯ ಬಳಿಯ ಗುಂಡಿ ತಿಂಗಳಿಗೊಮ್ಮೆ ಕಿತ್ತು ಬರುತ್ತದೆ ಎಂಬುದೆಲ್ಲ ಗೊತ್ತಿತ್ತು. ಇಷ್ಟು ಗೊತ್ತಿರುವವರಿಗೆ ಒಂದು ಮಾತು ಹೇಳಬಾರದೇ ಅನ್ನಿಸಿತು ಅವಳಿಗೆ. ಆರು ಪುಟದ ಪತ್ರ ಬರೆದು, ಮಡಿಸಿ, ಬಿಳಿ ಅಂಗಿಯ ಜೇಬಿನಲ್ಲಿಟ್ಟು ಕಳಿಸಿದಳು.

ಮೂರನೇ ದಿನ ಸದಸ್ಯರ ಕಚೇರಿಯ ಸಹಾಯಕಿ ಲಾಂಡ್ರಿಗೇ ಬಂದಳು. ಕೈಯಲ್ಲಿ ಅದೇ ಆರು ಪುಟ. ಮಾಲೀಕನ ಮುಖ ಗಂಜಿ ಹಾಕಿದ ಬಟ್ಟೆಯ ಹಾಗೆ ಬಿಗಿಯಿತು.

“ಇದನ್ನ ಬರೆದವರು ಯಾರು?”

ಆವಿ ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಮುಂದೆ ಬಂದಳು.

“ಚೆನ್ನಾಗಿ ಬರ್ದಿದೀರಿ. ನಾನೇ ಎರಡು ಸಲ ಓದ್ದೆ” ಎಂದಳು ಸಹಾಯಕಿ. “ಆದ್ರೆ ಸಾಹೇಬ್ರು ಏನು ಮಾಡ್ಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ?”

ಆವಿ ಅಕ್ಕ ಯೋಚಿಸಿದಳು. ಹೌದಲ್ಲ, ಅದೊಂದನ್ನೇ ಬರೆದಿರಲಿಲ್ಲ.

“ಜೇಬಲ್ಲಿ ಬಂದಿದ್ದು ಜೇಬಲ್ಲೇ ಉಳ್ಕೊಳ್ಳುತ್ತೆ. ಕಚೇರಿಗೆ ಕೊಡಿ, ನಂಬರ್ ಬೀಳುತ್ತೆ, ಆಮೇಲೆ ಉತ್ತರ ಕೊಡ್ಲೇಬೇಕಾಗುತ್ತೆ. ಗುರುವಾರ ಸಾಯಂಕಾಲ ಅವ್ರು ಜನರನ್ನ ನೋಡ್ತಾರೆ. ಹತ್ತು ನಿಮಿಷ ಸಿಗುತ್ತೆ. ಬನ್ನಿ.”

ಅಂದು ಸಂಜೆಯೇ ನಾದಿನಿಯ ಮನೆಯ ಊಟದ ಮೇಜಿನ ಮೇಲೆ ಪತ್ರ ಹರಡಿಕೊಂಡಿತು. ನಾದಿನಿ ಕೆಂಪು ಪೆನ್ಸಿಲ್ ಹಿಡಿದಳು.

“ಅತ್ತಿಗೆ, ಮೀಸೆ ಬಗ್ಗೆನೇ ಒಂದು ಪುಟ ಇದೆ.”

“ಮೀಸೆ ಚೆನ್ನಾಗಿದೆ ಕಣೇ.”

“ಚೆನ್ನಾಗಿರುತ್ತೆ. ಆದ್ರೆ ಸಭೆಯಲ್ಲಿ ಕೈ ಎತ್ತೋರು ಮೀಸೆ ನೋಡಿ ಎತ್ತಲ್ಲ.”

ಆರು ಪುಟ ಒಂದು ಪುಟವಾಯಿತು. ಲಾಂಡ್ರಿಯ ಮೆಟ್ಟಿಲಿನಿಂದ ಪಂಪ್‌ಹೌಸಿನವರೆಗೆ ಬಲದಂಡೆಯಲ್ಲಿ ಇನ್ನೂರ ಎಂಬತ್ತು ಮೀಟರ್ ಗೋಡೆ ಬೇಡ, ಜೊಂಡು ಹಾಗೇ ಇರಲಿ, ನಡೆದಾಡುವ ದಾರಿಯನ್ನು ಲಾಂಡ್ರಿಯ ಮುಂದಿನ ಓಣಿಯಲ್ಲಿ ಒಯ್ಯಲಿ ಎಂಬುದಷ್ಟೇ ಅದರಲ್ಲಿ ಉಳಿಯಿತು. ಮರುದಿನದಿಂದ ಅವಳು ಬಟ್ಟೆಗೆ ಪಿನ್ನು ಮಾಡುವ ಚೀಟಿಗಳ ಹಿಂದೆ ತಾರೀಖು, ಗಂಟೆ, ಎಷ್ಟು ಕಂಡವು ಎಂದು ಬರೆದಿಡತೊಡಗಿದಳು. ಕಾಣದ ದಿನ ಕಾಣಲಿಲ್ಲ ಎಂದೇ ಬರೆದಳು.

ಗುರುವಾರ ಕಚೇರಿಯ ಬೆಂಚಿನ ಮೇಲೆ ಚರಂಡಿ, ಬೀದಿದೀಪದ ದೂರು ತಂದವರ ನಡುವೆ ಕೂತು ಅವಳು ತನ್ನ ಸರದಿಗೆ ಕಾದಳು. ಒಳಗೆ ಹೋದರೆ, ಸದಸ್ಯರು ತೊಟ್ಟಿದ್ದು ಹಿಂದಿನ ದಿನ ಅವಳೇ ಇಸ್ತ್ರಿ ಹಾಕಿದ ನೀಲಿ ಅಂಗಿ. ತೋಳಿನ ಗೆರೆ ಇನ್ನೂ ನೆಟ್ಟಗಿತ್ತು. ಅದನ್ನು ಕಂಡು ಜೀವಕ್ಕೆ ಹಾಯೆನಿಸಿತು.

“ಇಲ್ಲಿ ನೀರುನಾಯಿ ಇದೆಯಾ?” ಎಂದರು ಅವರು. “ಈ ಊರಲ್ಲೇ ಹುಟ್ಟಿದೋನು ನಾನು. ಒಂದು ದಿನಾನೂ ನೋಡಿಲ್ಲವಲ್ಲ.”

“ಬೆಳಿಗ್ಗೆ ಬನ್ನಿ ಸರ್, ತೋರಿಸ್ತೀನಿ.”

“ಗೋಡೆ ಬೇಕು ಅನ್ನೋರೂ ಜನಾನೇ ಅಮ್ಮ. ನೆರೆ ಬಂದಾಗ ಎಡದಂಡೆ ಮನೆಗಳಿಗೆ ನೀರು ನುಗ್ಗಿದ್ದು ನೀವೂ ನೋಡಿದೀರಿ.”

“ಎಡದಂಡೆ ಕಟ್ಟಿ ಸರ್, ನಾನು ಬೇಡ ಅನ್ನಲ್ಲ. ಬಲಗಡೆ ಮನೆಗಳೇ ಇಲ್ಲ. ಇರೋದು ನಮ್ಮ ಲಾಂಡ್ರಿ ಒಂದೇ, ಅದೂ ಎತ್ತರದಲ್ಲಿದೆ.”

ಅವರು ಪತ್ರವನ್ನು ಮತ್ತೊಮ್ಮೆ ನೋಡಿ, “ನೀವೊಬ್ಬರೇ ಹೇಳಿದ್ರೆ ಸಭೆಯಲ್ಲಿ ನನ್ನ ಮಾತು ನಿಲ್ಲಲ್ಲ. ಇನ್ನೂ ನಾಲ್ಕು ಜನ ಹೇಳ್ಲಿ” ಎಂದರು.

ನಾಲ್ಕು ಜನರಲ್ಲ, ಇಪ್ಪತ್ಮೂರು ಜನ ಬರೆದರು. ಒಂದೇ ಪತ್ರಕ್ಕೆ ಸಾಲಾಗಿ ಸಹಿ ಹಾಕಿಸುವುದು ಬೇಡ, ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಬರೆಯಲಿ ಎಂದಿದ್ದಳು ನಾದಿನಿ. ಗುಂಡಿ ಹೊಲಿಯುವ ಅಜ್ಜಿ ಹೀಗೆ ಬರೆಸಿದಳು: “ನಾನು ನೀರುನಾಯಿ ನೋಡಿಲ್ಲ. ನನ್ನ ಕಣ್ಣು ಮಂಜು. ಆದರೆ ಇವಳು ಕನಸು ಕಾಣುತ್ತಾಳೆ, ಸುಳ್ಳು ಹೇಳುವುದಿಲ್ಲ.” ಗಂಡ ಮಾತ್ರ ಬೇರೆಯೇ ಲೆಕ್ಕ ಹಾಕಿದ. “ಒಬ್ಬ ಸದಸ್ಯರಿಗೆ ಕೊಟ್ರೆ ಏನಾಗುತ್ತೆ? ಕೈ ಎತ್ತೋರು ಹನ್ನೊಂದು ಜನ ಇದಾರೆ” ಎಂದು ಎಲ್ಲ ಪತ್ರಗಳ ಪ್ರತಿ ಮಾಡಿಸಿ, ಬಟ್ಟೆ ತಲುಪಿಸುವ ದಾರಿಯಲ್ಲೇ ಹನ್ನೊಂದು ಕಚೇರಿಗೂ ಕೊಟ್ಟು ಬಂದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಸದಸ್ಯರು ನಿಜವಾಗಿಯೂ ಬಂದರು. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಚಹಾ ಕುಡಿದರು. ನೀರಿನಿಂದ ತೆಳ್ಳಗೆ ಮಂಜು ಏಳುತ್ತಿತ್ತು. ಎದುರಿನ ದಡ ಇದೆಯೋ ಇಲ್ಲವೋ ಎಂಬಂತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಅಲೆಯೂ ಏಳಲಿಲ್ಲ. ಒಂದು ಎಲೆ ಗಾಳಿಗೆ ತಿರುಗುತ್ತಾ ಬಂದು, ಅವರ ಬೂಟಿನ ತುದಿಗೆ ತಾಕಿ, ಏನೋ ನೆನಪಾದಂತೆ ಹೊರಟುಹೋಯಿತು. ಒಳಗೆ ಬಾಯ್ಲರ್ ಸಿಳ್ಳೆ ಹಾಕಿತು. ಆವಿ ಅಕ್ಕನ ಕಣ್ಣು ತುಂಬಿಬಂತು.

“ದಿನಾ ಬರ್ತಿದ್ವು ಸರ್. ಇವತ್ತೇ…”

“ಇರ್ಲಿ ಬಿಡಿ” ಎಂದರು ಅವರು, ಏಳದೆ. “ಹೀಗೆ ಸುಮ್ಮನೆ ಕೂತು ಎಷ್ಟು ವರ್ಷ ಆಗಿತ್ತೋ.” ಆಮೇಲೆ ಕೆಸರಿನ ಕಡೆ ಬೆರಳು ತೋರಿಸಿ, “ಅದೇನು?” ಎಂದರು. ಜೊಂಡಿನ ಬುಡದಲ್ಲಿ ಐದೈದು ಬೆರಳಿನ ಪುಟ್ಟ ಹೆಜ್ಜೆಗಳು ಸಾಲಾಗಿ ನೀರಿಗಿಳಿದಿದ್ದವು. ಅವರು ಬಗ್ಗಿ ತುಂಬಾ ಹೊತ್ತು ನೋಡಿದರು.

ಸಭೆ ನಡೆದದ್ದು ಒಂದು ಮಧ್ಯಾಹ್ನ. ಸಾರ್ವಜನಿಕರಿಗೆ ಮೂರು ನಿಮಿಷ. ಆವಿ ಅಕ್ಕ ಎದ್ದು ನಿಂತಾಗ ದೊಡ್ಡ ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಮನಸ್ಸು ಅವುಗಳ ಜೊತೆಗೇ ಹೊರಟಿತ್ತು, ಹೇಗೋ ಎಳೆದು ತಂದಳು. ಒಂದು ಪುಟ ಓದಿದಳು. ಮೂವತ್ತೊಂದು ಚೀಟಿಗಳನ್ನು ಮೇಜಿನ ಮೇಲಿಟ್ಟಳು. “ಇಪ್ಪತ್ತಾರು ದಿನ ಕಂಡಿವೆ, ಐದು ದಿನ ಕಂಡಿಲ್ಲ” ಎಂದು ಹೇಳಿ ಕೂತಳು.

ವಾದ ಮುಕ್ಕಾಲು ಗಂಟೆ ನಡೆಯಿತು. ಅವಳ ವಾರ್ಡಿನ ಸದಸ್ಯರು ತಿದ್ದುಪಡಿ ಮಂಡಿಸಿದರು. ಅಷ್ಟುದ್ದ ಬಿಡಲು ಆಗುವುದೇ ಇಲ್ಲ ಎಂದು ಕೆಲವರು ಪಟ್ಟು ಹಿಡಿದರು. ಕೊನೆಗೆ ಅಧ್ಯಕ್ಷೆ ಅವಳತ್ತ ತಿರುಗಿ, “ನೂರ ಎಪ್ಪತ್ತು ಮೀಟರ್ ಬಿಡೋದಕ್ಕೆ ಒಪ್ಪಿಗೆ ಸಿಗಬಹುದು. ಯಾವ ಕಡೆಯದು ಬಿಡ್ಬೇಕು ಹೇಳಿ. ಲಾಂಡ್ರಿ ಕಡೆಯದಾ, ಪಂಪ್‌ಹೌಸ್ ಕಡೆಯದಾ?” ಎಂದರು.

ಲಾಂಡ್ರಿ ಕಡೆ ಅವಳ ಮೆಟ್ಟಿಲಿತ್ತು. ಮರಿ ಹಾಕುವ ಬಿಲ ಇದ್ದುದು ಪಂಪ್‌ಹೌಸಿನ ಕಡೆ, ಬೇರು ಬಿಟ್ಟ ದೊಡ್ಡ ಮರದ ಬುಡದಲ್ಲಿ. ಆವಿ ಅಕ್ಕ ಒಮ್ಮೆ ಉಸಿರೆಳೆದುಕೊಂಡಳು.

“ಪಂಪ್‌ಹೌಸ್ ಕಡೆಯದು ಮೇಡಂ.”

ಏಳು ಕೈ ಮೇಲೆದ್ದವು, ನಾಲ್ಕು ಏಳಲಿಲ್ಲ. ಹೊರಗೆ ಬಂದಾಗ ನಾದಿನಿ ಅವಳ ತೋಳು ಹಿಡಿದುಕೊಂಡಳು. ಇಬ್ಬರೂ ಬಸ್ ನಿಲ್ದಾಣದವರೆಗೆ ಹಾಗೇ ನಡೆದರು.

ಕೆಲಸ ಶುರುವಾಗುವ ಮುಂಚೆ ಎಂಜಿನಿಯರ್ ಒಬ್ಬ ಲಾಂಡ್ರಿಗೆ ಬಂದು ಆವಿ ಅಕ್ಕನನ್ನು ಕೇಳಿದ. ಗೋಡೆ ಎಲ್ಲಿ ನಿಲ್ಲಬೇಕೆಂದು ಅವಳೇ ತೋರಿಸಬೇಕಂತೆ. ಇಬ್ಬರೂ ದಂಡೆಗುಂಟ ನಡೆದರು. ಅವನ ಕಂಕುಳಲ್ಲಿ ಮರದ ಗೂಟಗಳ ಕಟ್ಟು.

“ಇಲ್ಲಿ ಹೊಡೀಲಾ?”

“ಇನ್ನೂ ಸ್ವಲ್ಪ ಈಚೆಗೆ. ಅಲ್ಲಿ ಅವು ಬಿಸಿಲು ಕಾಯ್ತವೆ.”

ಅವನು ಅಳತೆಪಟ್ಟಿ ನೋಡಿದ, ಅವಳ ಮುಖ ನೋಡಿದ, ನಾಲ್ಕು ಹೆಜ್ಜೆ ಈಚೆ ಬಂದು ಗೂಟ ನೆಟ್ಟ.

ಬೇಸಿಗೆ ಮುಗಿಯುವಷ್ಟರಲ್ಲಿ ಗೋಡೆ ಎದ್ದಿತು. ಲಾಂಡ್ರಿಯ ಹಿಂಬಾಗಿಲು ತೆಗೆದರೆ ಈಗ ಎದೆಯೆತ್ತರದ ಕಾಂಕ್ರೀಟು. ಮೊದಮೊದಲು ಆ ಕಡೆ ನೋಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ, ಬಾಯ್ಲರಿನ ಪಕ್ಕದಲ್ಲೇ ನಿಂತು ಚಹಾ ಕುಡಿದು ಮುಗಿಸುತ್ತಿದ್ದಳು. ಭಾನುವಾರಗಳಲ್ಲಿ ಮಾತ್ರ ಓಣಿಯ ದಾರಿ ಹಿಡಿದು ಪಂಪ್‌ಹೌಸಿನವರೆಗೆ ಹೋಗುತ್ತಾಳೆ. ಅಲ್ಲಿ ಜೊಂಡು ಆಳೆತ್ತರ ಬೆಳೆದಿದೆ, ಒಳಗೆ ಏನು ನಡೆಯುತ್ತಿದೆ ಎಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಹೋದ ವರ್ಷ ಅವಳಿಗೆ ಮೂರು ಮರಿಗಳು ಕಂಡವು. ಈ ವರ್ಷ ಇನ್ನೂ ಒಂದೂ ಕಂಡಿಲ್ಲ. ನೀರು ಮಾತ್ರ ಅಲ್ಲಲ್ಲಿ ತನ್ನಷ್ಟಕ್ಕೆ ಅಲುಗುತ್ತದೆ, ಅವಳು ಕತ್ತು ಉದ್ದ ಮಾಡಿ ನೋಡುತ್ತಾ ನಿಂತಿರುತ್ತಾಳೆ.